ಕೊಂಡಿಯ ಗುರುತು

ಎನಿಡ್ ಟ್ರಾಂಟರ್ ತನ್ನ ಎಂಜಿನ್ ಅಂಗಡಿಯ ಮೇಜಿನ ಮೇಲೆ ಮೂರು ಸಾಲು ರಾಡುಗಳನ್ನು ಜೋಡಿಸಿದ್ದಳು, ಸಾಲಿಗೆ ಆರರಂತೆ. ಪಿಸ್ಟನ್ನಿಗೂ ಕ್ರ್ಯಾಂಕಿಗೂ ಗಂಟು ಹಾಕುವ ಈ ಕನೆಕ್ಟಿಂಗ್ ರಾಡು ನೋಡಲು ಚೆಲುವಿನ ವಸ್ತುವೇನಲ್ಲ. ಒಂದು ತುದಿಗೆ ದೊಡ್ಡ ಕಣ್ಣು, ಇನ್ನೊಂದು ತುದಿಗೆ ಸಣ್ಣ ಕಣ್ಣು, ನಡುವೆ ಗೇಣುದ್ದದ ಉಕ್ಕಿನ ತೋಳು, ಅಷ್ಟೇ. ಆದರೆ ನಿಮಿಷಕ್ಕೆ ಐದಾರು ಸಾವಿರ ಸಲ ಎಳೆಸಿಕೊಂಡು, ತಳ್ಳಿಸಿಕೊಂಡು, ತುಟಿಪಿಟಕ್ಕೆನ್ನದೆ ದುಡಿಯುವುದು ಅದೇ. ಅದು ಮುರಿದ ದಿನ ಎಂಜಿನ್ನಿನ ಹೊಟ್ಟೆ ಸೀಳಿಕೊಂಡೇ ಹೊರಗೆ ಬರುತ್ತದೆ. ಎದುರಿಗೆ ಮರವಿದೆಯೋ ಮನುಷ್ಯರಿದ್ದಾರೋ ಎಂದು ಅದು ನೋಡುವುದಿಲ್ಲ.

ಮೊದಲ ಸಾಲು ಡಾಕ್ಟರ್ ಎಲ್ಫಿಕ್ಕರ 1954ರ ಹಸಿರು ಕಾರಿನಿಂದ ಬಿಚ್ಚಿದ್ದು. ಎರಡನೆಯದು ಅದೇ ಕಾಲದ, ಯಾರೂ ಬಳಸದ ಹಳೇ ದಾಸ್ತಾನು; ಮೇಣದ ಕಾಗದ ಸುತ್ತಿಕೊಂಡು ನಲವತ್ತು ವರ್ಷ ಯಾರದೋ ಶೆಡ್ಡಿನಲ್ಲಿ ಮಲಗಿತ್ತು. ಕಾಗದ ಬಿಚ್ಚಿದರೆ ಎರಡರ ಮೇಲೆ ತುಕ್ಕಿನ ಗುಳಿ, ಒಂದು ಕೂದಲೆಳೆಯಷ್ಟು ಬಾಗಿದೆ. ಮೇಲೆ ಥಳುಕು, ಒಳಗೆ ಹುಳುಕು. ಎನಿಡ್ ಅದನ್ನು ಬೆಳಗಿನ ಮೊದಲ ಚಹಾ ಮುಗಿಯುವ ಮುಂಚೆಯೇ ಪಕ್ಕಕ್ಕೆ ತಳ್ಳಿದ್ದಳು. ಮೂರನೆಯದು ಹೊಸದು, ಮೂರು ಮೈಲಿ ಆಚೆಯ ಕಮ್ಮಾರಸಾಲೆಯಲ್ಲಿ ಬಡಿದು ಮಾಡಿಸಿದ್ದು. ತೋಳು ದಪ್ಪ, ಬೋಲ್ಟುಗಳು ಈ ಕಾಲದ ಗಟ್ಟಿ ಉಕ್ಕಿನವು, ಆರನ್ನೂ ತೂಗಿದರೆ ಒಂದು ಮೆಣಸಿನ ಕಾಳಿನಷ್ಟೂ ವ್ಯತ್ಯಾಸವಿಲ್ಲ. ರೂಪ ಮಾತ್ರ ಹಳೆಯದರ ಹಾಗಿಲ್ಲ. ಆಯ್ಕೆ ಅವಳ ಮಟ್ಟಿಗೆ ಆಗಿಹೋಗಿತ್ತು. ಹೇಳುವುದು ಬಾಕಿಯಿತ್ತು, ಕಷ್ಟವಿದ್ದದ್ದು ಅಲ್ಲೇ.

ಯಾಕೆಂದರೆ ಮೊದಲ ಸಾಲಿನ ಪ್ರತಿ ರಾಡಿನ ನಡುತೋಳಿನ ಮೇಲೂ ಬೇಳೆ ಗಾತ್ರದ ಒಂದು ಸರಪಳಿ ಕೊಂಡಿಯ ಗುರುತಿತ್ತು. ಅದು ಅವಳ ಅಪ್ಪ ಐಸಾಕನ ಗುರುತು.

ಐಸಾಕನ ತಾಯಿ ಕೆಜಿಯಾ ಇದೇ ಕ್ರ್ಯಾಡ್ಲಿ ಹೀತ್ ಊರಿನಲ್ಲಿ ಹಿತ್ತಲ ಕುಲುಮೆಯ ಮುಂದೆ ನಿಂತು ಸರಪಳಿ ಬಡಿದವಳು. 1910ರಲ್ಲಿ ಊರಿನ ಹೆಂಗಸರೆಲ್ಲ ಹತ್ತು ವಾರ ಕುಲುಮೆಗೆ ಬೆಂಕಿ ಹಚ್ಚದೆ ಕೂತು, ಕೂಲಿ ಏರಿಸಿಕೊಂಡೇ ಎದ್ದಾಗ, ಅವರ ಮುಂದಿನ ಸಾಲಿನಲ್ಲಿ ಸುತ್ತಿಗೆ ಹೆಗಲ ಮೇಲಿಟ್ಟುಕೊಂಡು ನಿಂತವಳು. ಮಗ ಎಂಜಿನ್ ಕಟ್ಟಲು ಹೊರಟಾಗ ತಾಯಿಯ ನೆನಪಿಗೆ ಒಂದು ಕೊಂಡಿಯ ಅಚ್ಚು ಮಾಡಿಸಿದ. ತಾನು ತೂಗಿ, ತಿದ್ದಿ, ಒಪ್ಪಿದ ಪ್ರತಿ ರಾಡಿನ ಮೇಲೂ, ಕೂಸಿಗೆ ದೃಷ್ಟಿಬೊಟ್ಟು ಇಟ್ಟ ಹಾಗೆ, ಅಚ್ಚಿಟ್ಟು ಸುತ್ತಿಗೆಯಿಂದ ಒಂದೇ ಪೆಟ್ಟು ಹಾಕುತ್ತಿದ್ದ.

ಈಗ ಆ ಬೊಟ್ಟಿಗೆ ಹಳೇ ಕಾರಿನ ಹುಚ್ಚರಲ್ಲಿ ಎಲ್ಲಿಲ್ಲದ ಬೆಲೆ. ಅದರಲ್ಲೂ ಪಂಗಡಗಳು. 1961ರ ತನಕ ಐಸಾಕ್ ಗುರುತು ಹಾಕಿದ್ದು ತೋಳಿನ ನಡುವೆ, ಅದು ನಡುಗುರುತು. ಆಮೇಲಿನದೆಲ್ಲ ದೊಡ್ಡ ಕಣ್ಣಿಗೆ ಬೋಲ್ಟು ಹಾಕಿ ಕೂರಿಸುವ ಮುಚ್ಚಳದ ದಪ್ಪ ಅಂಚಿನ ಮೇಲೆ, ಅದು ತುದಿಗುರುತು. ನಡುಗುರುತಿನ ಎಂಜಿನ್ ಇದೆ ಎಂದರೆ ಕಾರಿನ ಸಂಘದವರು ಟೋಪಿ ತೆಗೆದು ನಿಲ್ಲುತ್ತಾರೆ. ತುದಿಗುರುತು ಎಂದರೆ, ಇರಲಿ ಬಿಡಿ, ಅದೂ ಒಳ್ಳೆಯದೇ ಎನ್ನುತ್ತಾರೆ. ಗುರುತು ಜಾಗ ಯಾಕೆ ಬದಲಾಯಿಸಿತು ಎಂದು ಈ ಪಂಡಿತರಲ್ಲಿ ಒಬ್ಬನೂ ಕೇಳಿರಲಿಲ್ಲ. ಎನಿಡ್ ಕೂಡ ಚಿಕ್ಕವಳಿದ್ದಾಗ ಒಮ್ಮೆ ಕೇಳಿದ್ದು ಬಿಟ್ಟರೆ ಮತ್ತೆ ಕೇಳಿರಲಿಲ್ಲ, ಅವಳಿಗೆ ಈಗ ನಲವತ್ತಾರು.

ಹಿಂದಿನ ದಿನ ಅವಳು ಡಾಕ್ಟರ ರಾಡುಗಳಿಗೆ ಅಯಸ್ಕಾಂತ ಹಿಡಿಸಿ, ಕಬ್ಬಿಣದ ಪುಡಿ ಬೆರೆತ ದ್ರವ ಸುರಿದು, ನೇರಳೆ ದೀಪದ ಕೆಳಗೆ ಹಿಡಿದಿದ್ದಳು. ಬಿರುಕಿದ್ದರೆ ಪುಡಿ ಅಲ್ಲಿ ಗುಂಪುಗೂಡಿ ಹಸಿರಾಗಿ ಹೊಳೆಯುತ್ತದೆ. ನಾಲ್ಕರಲ್ಲಿ ಏನೂ ಇಲ್ಲ. ಎರಡರಲ್ಲಿ ಗೆರೆ ಹೊಳೆಯಿತು. ಎರಡೂ ಗೆರೆ ಹೊರಟಿದ್ದು ಕೊಂಡಿಯ ಗುರುತಿನ ಬಾಯಿಂದಲೇ. ಎನಿಡ್ ಎರಡು ಸಲ ಒರೆಸಿ ನೋಡಿದಳು, ಗೆರೆ ಜಾಗ ಬಿಟ್ಟು ಕದಲಲಿಲ್ಲ. ಆ ಆರು ರಾಡುಗಳು ಮತ್ತೆ ಯಾವ ಎಂಜಿನ್ನಿಗೂ ಹೋಗಬಾರದು ಎಂದು ಅವಳು ಅಲ್ಲೇ ನಿಶ್ಚಯಿಸಿದಳು.

ಐಸಾಕ್ ಎಂದಿನಂತೆ ಒಂಬತ್ತಕ್ಕೆ ಬಂದ. ಎಂಬತ್ತೆರಡರ ವಯಸ್ಸು, ಚಪ್ಪಟೆ ಟೋಪಿ, ಕಂಕುಳಲ್ಲಿ ಹಂದಿಯ ಕೊಬ್ಬು ಸವರಿದ ಬ್ರೆಡ್ಡಿನ ಪೊಟ್ಟಣ. ಮೇಜಿನ ಕಡೆ ನೋಡಿದವನೇ ಮೂಗು ಮುರಿದ.

"ಈ ಹೊಸ ಡೊಣ್ಣೆಗಳು ಯಾತಕ್ಕೆ? ಡಾಕ್ಟ್ರು ಕಾರಲ್ಲಿ ಗದ್ದೆ ಉಳ್ತಾರಂತಾ?"

"ಎಂಜಿನ್ನಿಗೆ ಅದನ್ನೇ ಹಾಕ್ತೀನಪ್ಪ."

"ನನ್ನ ರಾಡು ಇರೋವಾಗ?"

"ನಿನ್ನ ರಾಡು ಬಿರುಕು ಬಿಟ್ಟಿದೆ. ಎರಡು."

"ಒರೆಸಿರೋಲ್ಲ ಸರಿಯಾಗಿ," ಎಂದು ಐಸಾಕ್ ತನ್ನ ಕುರ್ಚಿಯಲ್ಲಿ ಕೂತು ಪೊಟ್ಟಣ ಬಿಚ್ಚಿದ. "ಎಣ್ಣೆ ಜಿಡ್ಡು ಇದ್ರೂ ಗೆರೆ ಕಾಣುತ್ತೆ. ನಲವತ್ತು ವರ್ಷ ಓಡಿರೋ ರಾಡಮ್ಮ ಅವು. ನೀನು ದೀಪ ಹಿಡಿದ ತಕ್ಷಣ ಹೆದರ್ಕೊಂಡು ಬಿರುಕು ಬಿಟ್ವಾ?"

ಹೆತ್ತವರಿಗೆ ಹೆಗ್ಗಣ ಮುದ್ದು. ಎನಿಡ್ ಚಹಾಕ್ಕೆ ನೀರಿಟ್ಟಳು.

ಡಾಕ್ಟರ್ ಎಲ್ಫಿಕ್ ಹತ್ತೂವರೆಗೆ ಬಂದರು. ನಿವೃತ್ತರು, ನಯದ ಮಾತು, ಯಾವತ್ತೂ ಇಸ್ತ್ರಿ ಮಾಡಿದ ಕರವಸ್ತ್ರ. ಸೆಪ್ಟೆಂಬರಿನ ಗುಡ್ಡದ ಓಟಕ್ಕೆ, ಕಾರುಗಳು ಗುಡ್ಡ ಹತ್ತುವ ಪಂದ್ಯಕ್ಕೆ, ಹಸಿರು ಕಾರು ಸಿದ್ಧವಾಗಬೇಕಿತ್ತು. ಓಡಿಸುವವಳು ಅವರ ಮೊಮ್ಮಗಳು ಟೆಸ್ಸಾ, ಇಪ್ಪತ್ತೆರಡರ ಹುಡುಗಿ. ಎನಿಡ್ ನೇರಳೆ ದೀಪ ಹಚ್ಚಿ ಎರಡು ಗೆರೆಗಳನ್ನೂ ತೋರಿಸಿದಳು. ಡಾಕ್ಟರು ಕನ್ನಡಕ ಏರಿಸಿ ನೋಡಿದರು.

"ಹಾಗಾದ್ರೆ ಈ ಎರಡನ್ನ ಬದಲಾಯಿಸೋಣ. ನಡುಗುರುತಿಂದು ಇನ್ನೆರಡು ಹುಡುಕೋಣ. ನಾಲ್ಕು ಚೆನ್ನಾಗೇ ಇವೆಯಲ್ಲ ಮಿಸ್ ಟ್ರಾಂಟರ್."

"ನಾಲ್ಕು ಇನ್ನೂ ಬಿರುಕು ಬಿಟ್ಟಿಲ್ಲ ಅಷ್ಟೇ ಡಾಕ್ಟ್ರೇ. ಅದೇ ಜಾಗದಲ್ಲಿ ಅದೇ ಪೆಟ್ಟು ಬಿದ್ದಿದೆ. ಹೊಸದು ಹಾಕ್ಬೇಕು, ಆರಕ್ಕೆ ಆರೂ."

ಡಾಕ್ಟರು ಹೊಸ ರಾಡನ್ನು ಎರಡೇ ಬೆರಳಲ್ಲಿ ಎತ್ತಿ, ಸತ್ತ ಇಲಿಯನ್ನು ಇಡುವ ಹಾಗೆ ಕೆಳಗಿಟ್ಟರು. "ಇದನ್ನ ಹಾಕಿದ್ರೆ ಅದು ಟ್ರಾಂಟರ್ ಎಂಜಿನ್ನೇ ಅಲ್ಲ."

"ಟ್ರಾಂಟರ್ ನಾನೇ ಅಲ್ವಾ? ಕಟ್ತಿರೋಳು ನಾನು. ಮತ್ತೆ ಎಂಜಿನ್ ಒಳಗಿರೋದನ್ನ ಯಾರು ಇಣುಕಿ ನೋಡ್ತಾರೆ?"

"ನನಗೆ ಗೊತ್ತಿರುತ್ತಲ್ಲ."

"ಬಿರುಕು ಇರೋದೂ ಗೊತ್ತಿರುತ್ತೆ. ಸೊಂಟದ ಮೂಳೆ ಸೀಳಿದೆ ಅಂತ ಎಕ್ಸ್‌ರೇಲಿ ಕಂಡ್ರೂ ಓಡು ಅಂತಿದ್ರಾ ನಿಮ್ಮ ರೋಗಿಗೆ?"

ಡಾಕ್ಟರು ಕೆಂಪಾದರು. ಕುರ್ಚಿಯ ಕಡೆ ತಿರುಗಿ, "ಮಿಸ್ಟರ್ ಟ್ರಾಂಟರ್, ಗುರುತು ನಿಮ್ಮದು. ನೀವೇ ಹೇಳಿ," ಎಂದರು.

ಐಸಾಕ್ ಬ್ರೆಡ್ಡು ನುಂಗಿ, ಎದೆ ಸೆಟೆಸಿಕೊಂಡ. "ನನ್ನ ರಾಡು ಮುರಿಯಲ್ಲ ಡಾಕ್ಟ್ರೇ. ಇಷ್ಟು ವರ್ಷದಲ್ಲಿ ಒಂದೇ ಒಂದು ಮುರಿದಿದ್ದು. ಅದೂ ಕ್ಲೆಮ್ ಬಿಸೆಟ್ ಗೇರ್ ತಪ್ಪಿ."

ಕ್ಲೆಮನ ಕಥೆ ಊರಿನ ಮಕ್ಕಳಿಗೂ ಗೊತ್ತು. 1961ರ ಆಗಸ್ಟಿನ ಗುಡ್ಡದ ಓಟದಲ್ಲಿ ಐಸಾಕ್ ಕಟ್ಟಿದ ಎಂಜಿನ್ನು ಎರಡನೇ ತಿರುವಿನಲ್ಲಿ ಸಿಡಿಯಿತು, ಕಾರು ಮರಕ್ಕೆ ಬಡಿಯಿತು, ಕ್ಲೆಮನ ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ನಾಲ್ಕನೇ ಗೇರಿಗೆ ಹಾಕಲು ಹೋಗಿ ಎರಡನೆಯದಕ್ಕೆ ತಳ್ಳಿ ಎಂಜಿನ್ನನ್ನು ಕಿರುಚಿಸಿ ಕೊಂದ, ಎಂದ ಐಸಾಕ್. ಗೇರಿನ ಕೋಲನ್ನು ಮುಟ್ಟಿರಲೇ ಇಲ್ಲ, ಎಂದ ಕ್ಲೆಮ್. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಎಂದಿತು ಊರು. ಅಂದಿನಿಂದ ಅವನು ಗೇರ್ ತಪ್ಪಿದ ಕ್ಲೆಮ್. ಈಗಲೂ ಮೂಲೆಯ ಪಬ್ಬಿನಲ್ಲಿ ಡಾಮಿನೋ ಆಡುವಾಗ ಒಂದು ಕಾಯಿ ತಪ್ಪಿಟ್ಟರೆ ಸಾಕು, "ಮತ್ತೆ ಗೇರ್ ತಪ್ಪಿತಲ್ಲೋ!" ಎಂದು ಮೇಜೆಲ್ಲ ನಗುತ್ತದೆ. ಎನಿಡ್ ತಾನೂ ನಕ್ಕವಳೇ.

ಅವಳ ಕಣ್ಣು ಅಪ್ಪನ ಕುರ್ಚಿಯ ಪಕ್ಕದ ಕಿಟಕಿಗೆ ಹೋಯಿತು. ಕಾಗದ ಹಾರದಂತೆ ಅಪ್ಪ ಅಲ್ಲಿ ಇಟ್ಟುಕೊಂಡಿದ್ದ ಒಂಟಿ ರಾಡು. ಕೊಂಡಿಯ ಗುರುತು ಮುಚ್ಚಳದ ಅಂಚಿನ ಮೇಲಿತ್ತು, ಪಕ್ಕದಲ್ಲಿ ಇಸವಿ: 62. ಹದಿಮೂರರ ವಯಸ್ಸಿನಲ್ಲಿ ಶಾಲೆ ಬಿಟ್ಟ ಕೂಡಲೇ ಓಡಿ ಬಂದು ಅಪ್ಪನಿಗೆ ಅಚ್ಚು ಹಿಡಿದುಕೊಡುತ್ತಿದ್ದವಳು ಅವಳೇ. ಕ್ಲೆಮ್ ಬಿದ್ದ ವರ್ಷದ ಚಳಿಗಾಲದಲ್ಲಿ, ಆಮೇಲಿನ ಮೊದಲ ಎಂಜಿನ್ನಿಗೆ, ಅವಳು ಎಂದಿನಂತೆ ಅಚ್ಚನ್ನು ನಡುತೋಳಿಗೆ ಇಟ್ಟಾಗ, ಅಪ್ಪ ಅವಳ ಕೈ ಹಿಡಿದು ಅಂಚಿಗೆ ಸರಿಸಿದ್ದ. ಯಾಕಪ್ಪ ಎಂದು ಕೇಳಿದ್ದಕ್ಕೆ, ಇಲ್ಲಿ ಚೆಂದ ಕಾಣುತ್ತೆ ಎಂದಿದ್ದ.

ಮುಚ್ಚಳದ ದಪ್ಪ ಅಂಚಿಗೆ ಎಳೆತ ಕಡಿಮೆ. ಅಲ್ಲಿ ಎಷ್ಟು ಗುರುತು ಹಾಕಿದರೂ ಬಿರುಕು ಹುಟ್ಟುವುದಿಲ್ಲ. ಅದು ಗೊತ್ತಿದ್ದವನು ಮಾತ್ರ ಅಲ್ಲಿಗೆ ಸರಿಸುತ್ತಾನೆ.

"ಅಪ್ಪ," ಎಂದಳು ಎನಿಡ್. "ಕ್ಲೆಮ್ ಬಿದ್ದಿದ್ದು ಆಗಸ್ಟಲ್ಲಿ. ನೀನು ಗುರುತು ಜಾಗ ಬದಲಾಯಿಸಿದ್ದು ಡಿಸೆಂಬರಲ್ಲಿ. ಯಾಕೆ?"

"ಚೆಂದ ಕಾಣುತ್ತೆ ಅಂತ."

"ಸುಳ್ಳು ಹೇಳ್ಬೇಡ."

"ಎನಿಡ್! ಹೊರಗಿನವರ ಮುಂದೆ..."

"ಹೊರಗಿನವರ ಮೊಮ್ಮಗಳು ಆ ಕಾರಲ್ಲಿ ಕೂತ್ಕೋತಾಳೆ. ಅವರ ಮುಂದೇನೇ ಹೇಳು. ಯಾಕೆ ಬದಲಾಯಿಸ್ದೆ?"

ಐಸಾಕ್ ಪೊಟ್ಟಣದ ಕಾಗದವನ್ನು ನಾಲ್ಕು ಮಡಿಕೆ ಮಾಡಿದ. ಬಿಚ್ಚಿದ. ಮತ್ತೆ ಮಡಿಸಿದ. "ಹೇಳಿದ್ರೆ ಅಂಗಡಿ ಮುಚ್ತಿತ್ತು," ಎಂದ ಕೊನೆಗೆ, ನೆಲಕ್ಕೆ ಹೇಳುವವನಂತೆ. "ನಿನಗೆ ಹದಿಮೂರು. ನಿಮ್ಮಮ್ಮ ಹಾಸಿಗೆ ಹಿಡಿದಿದ್ಲು."

"ಕ್ಲೆಮ್‌ಗೆ ಆಗ ಇಪ್ಪತ್ತಾರು," ಎಂದಳು ಎನಿಡ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಅಪ್ಪನ ಮೇಲೆ ಅವಳಿಗೆ ಬಂದದ್ದು ದುಃಖವಲ್ಲ, ಉರಿಯುವ ಕೋಪ. ಮೂವತ್ತಮೂರು ವರ್ಷ ಒಬ್ಬನ ಹೆಸರಿನ ಮೇಲೆ ಕೂತು ಬ್ರೆಡ್ಡು ತಿಂದಿದ್ದಾನೆ, ತನಗೂ ತಿನ್ನಿಸಿದ್ದಾನೆ.

ಡಾಕ್ಟರು ಗಂಟಲು ಸರಿಮಾಡಿಕೊಂಡರು. "ಇದು ನಿಮ್ಮ ಮನೆ ವಿಷಯ. ನನ್ನ ರಾಡುಗಳನ್ನ ಪೆಟ್ಟಿಗೇಲಿ ಹಾಕ್ಕೊಡಿ. ಬಿಚ್ಚಿದ ಹಳೇ ಸಾಮಾನು ಗಿರಾಕಿಗೆ ವಾಪಸ್ ಕೊಡೋದು ಪದ್ಧತಿ ತಾನೆ? ನಯಮಾಡಿ ಕೂರಿಸಿಕೊಡೋರು ಬೇರೆ ಕಡೆ ಇದ್ದಾರೆ."

ಪದ್ಧತಿ ಅದು ಹೌದು. ತುಕ್ಕು ಹಿಡಿದ ಬೋಲ್ಟಾದರೂ ಗಿರಾಕಿಯದೇ, ಪೆಟ್ಟಿಗೆಗೆ ತುಂಬಿ ಕಾರಿನ ಹಿಂದೆ ಇಡಬೇಕು. ಈ ಕಸುಬಿನಲ್ಲಿ ಅದನ್ನು ಮುರಿದವರಿಲ್ಲ. ತಾನು ಒಲ್ಲೆ ಎಂದರೆ ಮಾತ್ರ ಸಾಲದು, ಈ ಆರು ರಾಡು ಇನ್ನೊಂದು ಅಂಗಡಿಯ ಬಾಗಿಲಿಂದ ಹೊಕ್ಕು ಸೆಪ್ಟೆಂಬರಿಗೆ ಗುಡ್ಡ ಹತ್ತುತ್ತವೆ ಎಂಬುದು ಎನಿಡ್‌ಗೆ ಆಗ ಸ್ಪಷ್ಟವಾಯಿತು.

ಅವಳು ಗೋಡೆಯ ಮೊಳೆಯಿಂದ ಅಜ್ಜಿಯ ಸುತ್ತಿಗೆ ಇಳಿಸಿದಳು.

"ನಮ್ಮಜ್ಜಿ ಕಾಲದಲ್ಲಿ ಇನ್ನೊಂದು ಪದ್ಧತಿ ಇತ್ತು ಡಾಕ್ಟ್ರೇ. ಸರಪಳಿ ಹೊರಗೆ ಹೋಗೋ ಮುಂಚೆ ಮೂರು ಕೊಂಡಿ ಕತ್ತರಿಸಿ, ಮುರಿಯೋ ತನಕ ಎಳೆದು ನೋಡೋರು. ಹಡಗಿನ ಲಂಗರು ತೂಗೋದು ಅದರಲ್ಲೇ ಅಲ್ವಾ?"

ಮೊದಲ ರಾಡನ್ನು ಗುರುತಿನ ಕೆಳಗೆ ಬಿಗಿಯಾಗುವಂತೆ ವೈಸಿನ, ಮೇಜಿಗೆ ಬಿಗಿದ ಕಬ್ಬಿಣದ ಇಕ್ಕುಳದ, ಬಾಯಿಗೆ ಕಚ್ಚಿಸಿದಳು.

"ಅದು ನನ್ನ ಸ್ವತ್ತು!" ಎಂದು ಡಾಕ್ಟರು ಕೂಗಿದರು.

"ಎನಿಡ್, ಬೇಡ!" ಎಂದ ಐಸಾಕ್, ಎದ್ದು ನಿಂತು. "ನನ್ನ ಹೆಸರು ಅದು."

"ನನ್ನ ಹೆಸರೂ ಅದೇನೇ," ಎಂದು ಅವಳು ಬೀಸಿದಳು.

ಒಂದು ಪೆಟ್ಟಿಗೆ ರಾಡು ಗುಂಯ್ ಎಂದಿತು. ಎರಡನೆಯದಕ್ಕೆ ಸ್ವರ ಒಡೆಯಿತು. ಮೂರನೆಯದಕ್ಕೆ ತೋಳು ತುಂಡಾಗಿ ನೆಲಕ್ಕೆ ಬಿತ್ತು, ಸರಿಯಾಗಿ ಕೊಂಡಿಯ ಗುರುತಿನ ನಡುವೆಯೇ. ಎರಡನೇ ರಾಡೂ ಹಾಗೇ ಹೋಯಿತು. ಉಳಿದ ನಾಲ್ಕು ಮುರಿಯಲಿಲ್ಲ, ಬಾಗಿದವು, ಇನ್ನು ಯಾವ ಎಂಜಿನ್ನಿಗೂ ಸಲ್ಲದಷ್ಟು ಬಾಗಿದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಎನಿಡ್ ಏದುಸಿರು ಬಿಡುತ್ತ ತುಂಡೊಂದನ್ನು ಎತ್ತಿ ಡಾಕ್ಟರ ಕಣ್ಣೆದುರು ಹಿಡಿದಳು. ಮುರಿದ ಮುಖ ಸಕ್ಕರೆಯ ಹಾಗೆ ಹರಳುಹರಳಾಗಿ ಹೊಳೆಯುತ್ತಿತ್ತು. ಒಂದು ಪಕ್ಕದಲ್ಲಿ ಮಾತ್ರ, ಗುರುತಿನ ಅಡಿಗೆ, ಅರ್ಧಚಂದ್ರದಷ್ಟು ಕಪ್ಪು ನುಣುಪು.

"ಆ ಕಪ್ಪಗಿರೋದು ಇವತ್ತು ಮುರಿದಿದ್ದಲ್ಲ. ವರ್ಷಗಟ್ಟಲೆಯಿಂದ ಸೀಳ್ತಾ ಬಂದಿದ್ದು. ಉಳಿದಿರೋ ಇಷ್ಟರ ಮೇಲೆ ನಿಮ್ಮ ಮೊಮ್ಮಗಳು ಗುಡ್ಡ ಹತ್ತಬೇಕಿತ್ತು."

ಅವಳು ಎರಡು ಮುರುಕನ್ನೂ ನಾಲ್ಕು ಡೊಂಕನ್ನೂ ಪೆಟ್ಟಿಗೆಗೆ ತುಂಬಿ, ಮುಚ್ಚಳ ಹಾಕಿ, ಡಾಕ್ಟರ ಎರಡೂ ಕೈಗೆ ಕೊಟ್ಟಳು. "ಹಳೇ ಸಾಮಾನು ವಾಪಸ್. ಪದ್ಧತಿ ಬಿಡಲ್ಲ ನಾವು. ಹೊಸ ರಾಡು ನನ್ನ ಲೆಕ್ಕದ್ದು. ಬೇಡ ಅಂದ್ರೆ ಕೋರ್ಟಿಗೆ ಹೋಗಿ, ಬರ್ತೀನಿ. ಸೋಮವಾರ ಸಂಘದ ಪತ್ರಿಕೆಗೆ ನಾನೇ ಬರೀತೀನಿ. ನಡುಗುರುತಿನ ರಾಡಿರೋರೆಲ್ಲ ಎಂಜಿನ್ ಬಿಚ್ಚಿಸಿ ಅಂತ, ಟ್ರಾಂಟರ್ ಹೆಸರಲ್ಲೇ."

"ನೀವು ಈ ಕಸುಬಲ್ಲಿ ಉಳಿಯಲ್ಲ," ಎಂದರು ಡಾಕ್ಟರು. ಆದರೆ ಪೆಟ್ಟಿಗೆಯ ಮುಚ್ಚಳ ಎತ್ತಿ ಕಪ್ಪು ಚಂದ್ರವನ್ನು ಇನ್ನೊಮ್ಮೆ ನೋಡಿದರು. ಬಾಗಿಲಲ್ಲಿ ನಿಂತು, ತಿರುಗಿ ನೋಡದೆಯೇ, "ಎಂಜಿನ್ ಮೂರನೇ ವಾರಕ್ಕೆ ಬೇಕು," ಎಂದು ಹೊರಟುಹೋದರು.

ಅಂಗಡಿಯಲ್ಲಿ ಅಪ್ಪ ಮಗಳು ಇಬ್ಬರೇ ಉಳಿದರು. ಐಸಾಕ್ ಮೊಣಕಾಲೂರಿ, ತನ್ನ ಹಳೇ ಮೇಜಿನ ಕೆಳಗಿನ ಖಾನೆಯ ಬೀಗ ತೆಗೆದ. ಆ ಖಾನೆಯಲ್ಲಿ ಅಮ್ಮನ ಕಾಗದಗಳಿವೆ ಎಂದೇ ಎನಿಡ್ ಇಲ್ಲಿಯವರೆಗೆ ನಂಬಿದ್ದಳು. ಎಣ್ಣೆ ಬಟ್ಟೆಯ ಗಂಟೊಂದು ಹೊರಗೆ ಬಂತು. ಒಳಗೆ ಜಜ್ಜಿ ಹೋದ ರಾಡಿನ ಎರಡು ತುಂಡು. ನಡುಗುರುತು ಎರಡು ಹೋಳಾಗಿತ್ತು. ಅದರಡಿಗೆ ಅದೇ ಕಪ್ಪು ಅರ್ಧಚಂದ್ರ.

"ಇದನ್ನ ಕ್ಲೆಮ್‌ಗೆ ಕೊಟ್ಬಿಡು ಮಗಳೇ," ಎಂದ.

"ನಾನು ಕೊಡಲ್ಲ."

"ನನ್ನಿಂದ ಆಗಲ್ಲ ಕಣೇ."

"ಮೂವತ್ತಮೂರು ವರ್ಷ ಬಚ್ಚಿಡೋಕೆ ಆಯ್ತಲ್ಲ? ನೂರು ಹೆಜ್ಜೆ ನಡೆಯೋಕೆ ಆಗಲ್ವಾ? ನೀನು ಹೋಗು. ನಾನು ಹಿಂದೆ ಬರ್ತೀನಿ. ತಿರುಗಿ ಬಂದ್ರೆ ಒಳಗೆ ಬಿಡಲ್ಲ."

ಶನಿವಾರ ಮಧ್ಯಾಹ್ನವಾದ್ದರಿಂದ ಪಬ್ಬು ತುಂಬಿತ್ತು. ಹುರಿದ ಹಂದಿ ಚರ್ಮದ ಬಟ್ಟಲುಗಳು, ಕಪ್ಪು ಬಿಯರಿನ ಲೋಟಗಳು, ಡಾಮಿನೋ ಕಾಯಿಗಳ ಟಕಟಕ. ಕ್ಲೆಮ್ ತನ್ನ ಮರದ ಕಾಲನ್ನು ಮೇಜಿನಡಿಗೆ ಚಾಚಿ ಕೂತಿದ್ದ. ಐಸಾಕ್ ಬಂದವನೇ ಕಾಯಿಗಳ ನಡುವೆ ಬಟ್ಟೆಯ ಗಂಟು ಇಟ್ಟು ಬಿಚ್ಚಿದ.

"ಏನಿದು? ಆಟ ಕೆಡಿಸ್ಬೇಡ್ವೋ ಮುದುಕಾ," ಎಂದ ಎದುರು ಕೂತವನು.

ಐಸಾಕ್ ಕ್ಲೆಮನನ್ನೇ ನೋಡಿದ. "ನೀನು ಗೇರ್ ತಪ್ಪಿರಲಿಲ್ಲ ಕ್ಲೆಮ್. ನಾನು ಗುರುತು ಹೊಡೆದ ಜಾಗದಲ್ಲೇ ಸೀಳಿತ್ತು. ಮುಂದಿನ ವಾರಾನೇ ಗೊತ್ತಾಯ್ತು ನಂಗೆ." ತಗ್ಗಿದ ದನಿಯಲ್ಲೇ ಹೇಳಿದ.

ಕ್ಲೆಮ್ ತುಂಡು ಎತ್ತಿಕೊಂಡು ಕಪ್ಪು ಚಂದ್ರದ ಮೇಲೆ ಹೆಬ್ಬೆರಳು ಆಡಿಸಿದ. ಆಡಿಸುತ್ತಲೇ ಇದ್ದ.

"ಮೂರನೇ ಗೇರಲ್ಲಿದ್ದೆ," ಎಂದ.

"ಹೂಂ."

"ಕೋಲು ಮುಟ್ಟಿರಲಿಲ್ಲ."

"ಮುಟ್ಟಿರಲಿಲ್ಲ."

ಕ್ಲೆಮ್ ತುಂಡನ್ನು ಕೆಳಗಿಟ್ಟ. ಲೋಟ ಎತ್ತಿ ಒಂದು ಗುಟುಕು ಕುಡಿದ, ಬಾಯಿ ಒರೆಸಿಕೊಂಡ, ಸುತ್ತ ನೋಡಿದ. ನಗುತ್ತಿದ್ದವರೆಲ್ಲ ಅಲ್ಲೇ ಇದ್ದರು.

"ಎನಿಡಮ್ಮ, ಅಲ್ಲಿ ಬಾಗಿಲ ಹತ್ರ ಕೇಳಿಸ್ತಾ?"

"ಇಲ್ಲ," ಎಂದಳು ಎನಿಡ್. ಅವಳಿಗೆ ಎಲ್ಲ ಕೇಳಿಸಿತ್ತು.

"ಕಿಟಕಿ ಹತ್ರ ಇರೋರಿಗೂ ಕೇಳಿಸಿಲ್ಲ," ಎಂದ ಕ್ಲೆಮ್. "ಟೋಪಿ ತೆಗಿ ಐಸಾಕ್. ಮೊದಲಿಂದ ಹೇಳು, ಜೋರಾಗಿ."

ಐಸಾಕ್ ಮಗಳ ಕಡೆ ತಿರುಗಿದ. ಅವಳು ಅವನ ಕೈ ಹಿಡಿಯಲು ಬರಲಿಲ್ಲ, ಬಾಗಿಲು ಬಿಟ್ಟು ಸರಿಯಲೂ ಇಲ್ಲ. ಕಾಯಿಗಳ ಸದ್ದು ನಿಂತಿತ್ತು. ಅವನು ಟೋಪಿ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡು, ಮೊದಲಿಂದ ಶುರುಮಾಡಿದ.